ಮಾವನ ಡಿಎಲ್‌ಸಿ ಇನ್ನೂ ಬಂದಿಲ್ಲ

ನಮ್ಮ ಸೋದರಮಾವ ಕಳೆದುಕೊಂಡಷ್ಟು ರಾಜ್ಯಗಳನ್ನು ಈ ಭೂಮಿಯ ಮೇಲೆ ಯಾವ ರಾಜನೂ ಕಳೆದುಕೊಂಡಿರಲಾರ. ಮೈಸೂರಿನಲ್ಲಿ ಕೂತು ಇಂಥ ಮಾತು ಹೇಳಿದರೆ ಕೇಳಿದವರು ಥಟ್ಟನೆ ಅರಮನೆಯ ದಿಕ್ಕಿಗೆ ತಿರುಗುತ್ತಾರೆ. ತಿರುಗಬೇಕಾದ್ದು ಒಂಟಿಕೊಪ್ಪಲಿನ ಕಡೆಗೆ! ಅಲ್ಲೊಂದು ಮನೆಯ ನಡುಮನೆಯಲ್ಲಿ, ಅತ್ತೆ ಹಗ್ಗಕ್ಕೆ ಒಣಹಾಕಿದ ಸೀರೆ ಪಂಚೆಗಳ ಕೆಳಗೆ, ನಾನು ಬೇಡವೆಂದು ಕೊಟ್ಟ ಹಳೆಯ ಕಂಪ್ಯೂಟರಿನ ಮುಂದೆ ಕೂತು, ನಿವೃತ್ತರಾದಾಗಿನಿಂದ ಅವರು ಒಂದರ ಹಿಂದೊಂದು ರಾಜ್ಯ ಕಳೆದುಕೊಂಡಿದ್ದಾರೆ. ಕಳೆದುಕೊಂಡಾಗಲೆಲ್ಲ ಎದ್ದುಹೋಗಿ ಮುಖ ತೊಳೆದು, ಕಾಫಿ ಕುಡಿದು, ಮತ್ತೆ ಬಂದು ಪಟ್ಟಕ್ಕೆ ಕೂತಿದ್ದಾರೆ.

ನಗಿಸುವವಳ ಹಾಗೆ ಶುರು ಮಾಡಿದೆ, ನಿಜ. ಆದರೆ ನನಗೆ ನಗಿಸಿ ಅಭ್ಯಾಸವಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನನ್ನ ತರಗತಿಯಲ್ಲಿ ಯಾರೂ ನಗುವುದಿಲ್ಲ. ಅಪ್ಪಿತಪ್ಪಿ ನಕ್ಕವರು ಎರಡನೇ ಸಲ ನಕ್ಕಿಲ್ಲ. ಅದೂ ಅಲ್ಲದೆ ಮಾವನಿಗೆ ಈಗ ಕಣ್ಣು ಕಾಣುವುದಿಲ್ಲ. ಇದನ್ನು ಕೊನೆಯವರೆಗೆ ಬಚ್ಚಿಟ್ಟು ನಿಮ್ಮನ್ನು ಬೆಚ್ಚಿಬೀಳಿಸುವ ಆಸೆ ನನಗಿಲ್ಲ, ಆದ್ದರಿಂದ ಈಗಲೇ ಹೇಳಿಬಿಟ್ಟೆ. ಕಣ್ಣು ಹೋದ ಮೇಲೆ ಅವರು ಕುರ್ಚಿ ಬಿಟ್ಟು ಏಳುವುದನ್ನೇ ನಿಲ್ಲಿಸಿದರು. ಮತ್ತೆ ಏಳುತ್ತಾರೋ ಇಲ್ಲವೋ ಎಂಬುದೊಂದೇ ಅತ್ತೆಗೂ ನನಗೂ ಉಳಿದಿದ್ದ ಪ್ರಶ್ನೆ. ಮಿಕ್ಕದ್ದೆಲ್ಲ ತಮಾಷೆ, ಕೇಳಿ.

ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಆಡುತ್ತಿದ್ದದ್ದು ಸ್ಟ್ರಾಟಜಿ ಗೇಮ್ ಎಂಬ ಜಾತಿಯ ಆಟ. ದೊಡ್ಡದೊಂದು ನಕ್ಷೆ, ಅದರಲ್ಲಿ ನಿಮ್ಮದೊಂದು ಪುಟ್ಟ ರಾಜ್ಯ, ಸುತ್ತಲೂ ಹಸಿದ ರಾಜರು. ತೆರಿಗೆ ಎತ್ತಿ, ದಂಡು ಕಟ್ಟಿ, ಪಕ್ಕದವನನ್ನು ನುಂಗಿ ದೊಡ್ಡವರಾಗಬೇಕು. ಜಗತ್ತಿನ ಎಲ್ಲರೂ ಆಡುವುದು ಹೀಗೆ. ನಮ್ಮ ಮಾವ ಸಿಂಹಾಸನಕ್ಕೆ ಕೂತ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಕಂದಾಯ ಮಾಫಿ! ಆಮೇಲೆ ಕೆರೆ ಹೂಳೆತ್ತಿಸುವುದು. ಆಮೇಲೆ ಜಮೀನಿನ ಸರ್ವೆ. ದಂಡಿಗೆ ದುಡ್ಡು ಉಳಿಯುತ್ತಿರಲಿಲ್ಲ. ಕೋಟೆಯ ಬಾಗಿಲಲ್ಲಿ ಇಬ್ಬರು ಕಾವಲುಗಾರರು, ಅವರಲ್ಲಿ ಒಬ್ಬ ಸದಾ ರಜೆಯ ಮೇಲೆ ಇರುವವನಂತೆ ಕಾಣುತ್ತಿದ್ದ.

ಭಾನುವಾರ ನಾನು ರಾಮಕೃಷ್ಣನಗರದಿಂದ ಸ್ಕೂಟರಿನಲ್ಲಿ ಹೋಗಿ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನೋಡಿ ಹೊಟ್ಟೆಯುರಿಯುತ್ತಿತ್ತು.

"ಮಾವ, ಉತ್ತರದ ರಾಜ ದಂಡು ತಗೊಂಡು ಬರ್ತಿದಾನೆ, ನೋಡಿ!"

"ಬರ್ಲಿ ಬಿಡೇ. ಅವ್ನು ಬಂದ ಅಂತ ಕೆರೆ ಏರಿ ಕೆಲ್ಸ ಅರ್ಧಕ್ಕೆ ನಿಲ್ಸಕ್ಕಾಗತ್ತಾ?"

"ಕೋಟೆ ಒಡೀತಾನೆ ಮಾವ!"

"ಒಡೀಲಿ. ಒಡೆದೋನಿಗೂ ಕುಡಿಯಕ್ಕೆ ನೀರು ಬೇಕಲ್ವಾ?"

ಅವನು ಒಡೆದ. ಪ್ರತಿ ಸಲವೂ ಒಡೆದ. ಆಗ ಪರದೆಯೆಲ್ಲ ಕಪ್ಪಾಗಿ, 'ನಿಮ್ಮ ರಾಜ್ಯ ಅಳಿಯಿತು' ಎಂದು ಇಂಗ್ಲಿಷಿನಲ್ಲಿ ಬಂದು, ಅದರ ಕೆಳಗೆ 'ಓಕೆ' ಎಂಬ ಒಂದೇ ಒಂದು ಗುಂಡಿ ಕಾಣುತ್ತಿತ್ತು. ಒತ್ತಿದರೆ ಆಟ ನಿಮ್ಮನ್ನು ಹೊರಗೆ ಹಾಕುತ್ತದೆ. ಬೇರೆ ದಾರಿ ಇಲ್ಲ. ಮಾವನಿಗೆ ಇಡೀ ಆಟದಲ್ಲಿ ಕೋಪ ಬರುತ್ತಿದ್ದದ್ದು ಆ ಗುಂಡಿಯ ಮೇಲೆ ಮಾತ್ರ.

"ಸೋತಿದ್ದಕ್ಕೆ ಬೇಜಾರಿಲ್ಲ ಕಣೇ. ಸೋತ್ಮೇಲೆ 'ಓಕೆ' ಅನ್ನು ಅಂತಾರಲ್ಲ, ಅದು ಯಾವ ಸೀಮೆ ನ್ಯಾಯ?"

ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದರು: "ರೀ, ನಿಮ್ಮ ರಾಜ್ಯದಲ್ಲಿ ಕೊತ್ತಂಬರಿ ಸೊಪ್ಪು ಬೆಳೀತಾರಾ? ಬೆಳೆದ್ರೆ ಒಂದು ಕಟ್ಟು ಕಿತ್ಕೊಂಡ್ ಬನ್ನಿ. ಇಲ್ದಿದ್ರೆ ಚೀಲ ತಗೊಂಡು ಮಾರ್ಕೆಟ್ಟಿಗಾದ್ರೂ ಹೋಗಿ. ಯಾವ್ದಾದ್ರೂ ಒಂದು ಊರಲ್ಲಿ ಬದುಕಿ, ಎರಡೂ ಕಡೆ ದಂಡವಾಗ್ಬೇಡಿ!"

ಮಾವ ಚೀಲ ತೆಗೆದುಕೊಂಡು ಹೊರಡುತ್ತಿದ್ದರು, ಜೊತೆಗೆ ನಾನೂ. ಈ ಮಾರ್ಕೆಟ್ಟಿನ ಪ್ರಯಾಣಗಳಲ್ಲೇ ನನಗೆ ಡಿಎಲ್‌ಸಿ ಎಂದರೇನೆಂದು ತಿಳಿದದ್ದು. ಆಟವನ್ನು ಒಮ್ಮೆ ದುಡ್ಡು ಕೊಟ್ಟು ಕೊಂಡಿರುತ್ತೀರಿ. ಆಮೇಲೆ ಕಂಪನಿಯವರು ವರ್ಷಕ್ಕೊಂದು ಸಲವೋ ಎರಡು ಸಲವೋ ಅದೇ ಆಟಕ್ಕೆ ಒಂದಷ್ಟು ಹೊಸ ಸಾಮಾನು ಸೇರಿಸಿ, ಬೇಕಿದ್ದವರು ಮತ್ತೆ ದುಡ್ಡು ಕೊಟ್ಟು ಇಳಿಸಿಕೊಳ್ಳಿ ಎನ್ನುತ್ತಾರೆ. ಆ ಸಾಮಾನಿಗೆ ಡಿಎಲ್‌ಸಿ ಎಂದು ಹೆಸರು. ಮಾವ ಅದನ್ನು 'ಕೊಸರು' ಎನ್ನುತ್ತಿದ್ದರು. ತೂಕ ಮುಗಿದ ಮೇಲೆ ಅಂಗಡಿಯವರು ಪ್ರೀತಿಗೆ ಹಾಕುವ ಒಂದು ಹಿಡಿ, ಅದು ಕೊಸರು. ಅದಕ್ಕೆ ದುಡ್ಡು ಕೇಳುತ್ತಾರೆಂಬುದು ಅವರ ತಲೆಗೆ ಇಳಿಯದೆ, ಒಂದು ದಿನ ನನ್ನ ಮುಂದೆಯೇ ತರಕಾರಿಯಾಕೆಯ ಹತ್ತಿರ ಪಂಚಾಯಿತಿ ಇಟ್ಟರು.

"ಅಲ್ಲಮ್ಮಾ, ಬೀನ್ಸ್ ತೂಗಿದ್ಮೇಲೆ ಕೊಸರು ಅಂತ ನಾಕು ಕಾಯಿ ಹಾಕ್ತೀಯಲ್ಲ, ಅದಕ್ಕೆ ಬೇರೆ ಕಾಸು ಕೇಳಿದ್ರೆ ಹೆಂಗಿರತ್ತೆ?"

"ಅಯ್, ಕೊಸ್ರಿಗೆ ಯಾರಾನಾ ಕಾಸು ಈಸ್ಕತಾರಾ ಸಾಮಿ? ಈಸ್ಕಂಡ್ರೆ ಅದು ಕೊಸ್ರು ಎಂಗಾದದು?"

"ಫಾರಿನ್ನಲ್ಲಿ ಈಸ್ಕೋತಾರೆ."

"ಅಂಗಾರೆ ಅಲ್ಲಿ ಬೀನ್ಸು ಬೋ ರೇಟಿರ್ಬೇಕು ಬುಡಿ," ಎಂದು ಆಕೆ ಮರುಕದಿಂದ ಇನ್ನೂ ನಾಲ್ಕು ಕಾಯಿ ಹಾಕಿದಳು.

ಹಾಗೆಂದು ಮಾವ ಡಿಎಲ್‌ಸಿ ಕೊಳ್ಳದ ಜಿಪುಣರಲ್ಲ. ದುಡ್ಡು ಕೊಟ್ಟ ಮೇಲೆ ಅದು ಆಟವನ್ನು ಬದಲಿಸಬೇಕು ಎಂಬುದಷ್ಟೇ ಅವರ ತಕರಾರು. ಕಂಪನಿಯವರು ಒಮ್ಮೆ ಆನೆಗಳಿಗೆ ಬಂಗಾರದ ಅಂಬಾರಿ ಎಂದು ಮಾರಿದರು. ಮಾವ ಕೆರಳಿದರು. "ಬಂಗಾರದ ಅಂಬಾರೀನ ವರ್ಷಾ ವರ್ಷಾ ಬೀದಿಲಿ ನಿಂತು ಬಿಟ್ಟಿ ನೋಡೋನು ನಾನು. ನನಗೆ ಅಂಬಾರಿ ಮಾರ್ತಾರಾ?" ಇನ್ನೊಮ್ಮೆ, ರಾಜರು ಪರಸ್ಪರ ಮದುವೆ ಸಂಬಂಧ ಬೆಳೆಸುವುದನ್ನು ಡಿಎಲ್‌ಸಿಯಾಗಿ ಮಾರಿದರು. ಅದು ಮೊದಲೇ ಆಟದಲ್ಲಿ ಇರಬೇಕಿತ್ತಂತೆ. "ಪಹಣೀಲಿ ಬೇಕೂ ಅಂತ ಹೆಸ್ರು ಬಿಟ್ಟು, ಆಮೇಲೆ ಸೇರ್ಸಕ್ಕೆ ಕಾಸು ಕೇಳೋದು ಇದು. ನಮ್ಮ ಕಚೇರಿಲಿ ಇದಕ್ಕೆ ಬೇರೆ ಹೆಸರಿತ್ತು!" ಎದುರಾಳಿ ರಾಜ ಒಪ್ಪಂದಕ್ಕೆ ರುಜು ಹಾಕಿದರೆ ಹತ್ತು ವರ್ಷವಾದರೂ ಮಾತಿಗೆ ನಿಲ್ಲಬೇಕು, ಆಟದ ಕೊನೆಕೊನೆಗೆ ಬೇಸರವಾಗಬಾರದು, ಪುಟ್ಟ ರಾಜ್ಯಕ್ಕೂ ಮಾಡಲು ಕೆಲಸವಿರಬೇಕು. ಇಂಥದ್ದಕ್ಕೆ ದುಡ್ಡು ಕೇಳಲಿ, ಕೊಡುತ್ತೇನೆ ಎನ್ನುತ್ತಿದ್ದರು.

ಇವೆಲ್ಲಕ್ಕಿಂತ ಮೇಲೆ ಅವರ ಒಂದು ಬೇಡಿಕೆ ಇತ್ತು. ಆಟಗಾರರೆಲ್ಲ ಕಂಪನಿಗೆ ತಮಗೇನು ಬೇಕೆಂದು ಬರೆಯುವ ಒಂದು ಜಾಗ ಇಂಟರ್‌ನೆಟ್ಟಿನಲ್ಲಿದೆ. ಅಲ್ಲಿ ಹುಡುಗರು ಒಂದು ಸಾಲು ಬರೆದು ಎರಡು ಗೊಂಬೆ ಮುಖ ಅಂಟಿಸುತ್ತಾರೆ. ನಮ್ಮ ಶಿರಸ್ತೇದಾರರು ಅಲ್ಲಿಗೆ ಹೋಗಿ ಮನವಿ ಸಲ್ಲಿಸಿದರು! ಅಚ್ಚ ಕಚೇರಿಯ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ, 'ವಿಷಯ: ಸೋತ ರಾಜರಿಗೆ ಪುನರ್ವಸತಿ ಕಲ್ಪಿಸುವ ಬಗ್ಗೆ.' ಕೆಳಗೆ 'ಮಾನ್ಯರೇ' ಎಂದು ಶುರುವಾಗಿ, 'ತಮ್ಮ ವಿಧೇಯ' ಎಂದು ಮುಗಿಯುತ್ತಿತ್ತು. ನಡುವೆ ಇದ್ದದ್ದು ಇಷ್ಟೇ. ರಾಜ್ಯ ಅಳಿದ ಮೇಲೆ ಆಟವನ್ನು ಮುಗಿಸಬೇಡಿ. ರಾಜನಿಗೆ ಒಂದು ಮನೆ ಕೊಡಿ. ಮಾರನೆಯ ದಿನ ಬೆಳಗಾಗಲಿ. ಅವನು ಏನು ಮಾಡುತ್ತಾನೆಂದು ಆಡುವವನನ್ನು ಕೇಳಿ.

ಉತ್ತರಗಳು ಬಂದವು. ಒಬ್ಬ ನಗುವ ಮುಖ ಹಾಕಿದ. ಇನ್ನೊಬ್ಬ, "ಸೋತರೆ ಹೊಸ ಆಟ ಶುರು ಮಾಡಿ ಸಾರ್, ಅಷ್ಟೇ!" ಎಂದು ಬರೆದ.

"ಇಪ್ಪತ್ತು ವರ್ಷದೋನಿಗೆ ಹೊಸದು ಶುರು ಮಾಡು ಅಂದ್ರೆ ಮಾಡ್ತಾನೆ. ನನ್ನಂಥೋನಿಗೆ?" ಎಂದು ಮಾವ ಗೊಣಗಿದರು.

"ಸೋತ ಮೇಲೆ ಆಡಕ್ಕೆ ಏನಿರತ್ತೆ ಮಾವ?" ಎಂದು ನಾನೂ ಕೇಳಿದ್ದೆ.

ಅದಕ್ಕೆ ಅವರು ತಮ್ಮ ತಾತನ ಕತೆ ಹೇಳಿದರು. ತಾತ ಅರಮನೆಯ ಕುದುರೆ ಲಾಯದಲ್ಲಿ ಹುರುಳಿ ಅಳೆಸುವ ಗುಮಾಸ್ತೆ. ಕಾಲ ಬದಲಾಯಿತು, ಕೆಲಸ ಹೋಯಿತು, ಕುದುರೆಗಳೂ ಹೋದವು. ತಾತ ಮಾತ್ರ ಬೆಳಿಗ್ಗೆ ಪೇಟ ಸುತ್ತಿ, ಕೋಟು ತೊಟ್ಟು, ಲಾಯದ ಗೇಟಿನ ತನಕ ನಡೆದು ಹೋಗಿ ಬರುತ್ತಿದ್ದರಂತೆ. ಬೀದಿಯವರು ಮುಸಿಮುಸಿ ನಗುತ್ತಿದ್ದರಂತೆ. ಚಿಕ್ಕವರಾಗಿದ್ದ ಮಾವ ಎಷ್ಟೋ ಸಲ ಅವರ ಕೈ ಹಿಡಿದು ಹೋಗಿದ್ದಾರೆ.

"ಹೋಗಿ ಏನ್ಮಾಡ್ತಿದ್ರು?"

"ಏನೂ ಇಲ್ಲ. ಗೇಟ್ ಹತ್ರ ನಿಂತು ಮೂಗೆಳ್ಕೊಂಡು, ಲದ್ದಿ ವಾಸ್ನೆ ಬರ್ತಿದೆಯಾ ಅಂತ ನೋಡೋರು. ಬರ್ತಿರ್ಲಿಲ್ಲ. ವಾಪಸ್ ಬಂದು ಊಟ ಮಾಡೋರು."

"ಇದ್ರಲ್ಲಿ ಆಟ ಎಲ್ಲಿ ಬಂತು ಮಾವ?"

"ದಿನಾ ಪೇಟ ಕಟ್ಕೊಂಡ್ರಲ್ಲೇ, ಅದು!" ಎಂದು ಮಾವ ನನ್ನನ್ನು ದಡ್ಡ ವಿದ್ಯಾರ್ಥಿನಿಯನ್ನು ನೋಡುವಂತೆ ನೋಡಿದರು. ನನಗೆ ಆಗ ಅದು ಅರ್ಥವಾಗಲಿಲ್ಲ.

ಮುಂದೊಂದು ದಿನ ಕಂಪನಿಯವರು, ಬರುವ ಡಿಎಲ್‌ಸಿ ರಾಜ್ಯಗಳ ಪತನವನ್ನು ಕುರಿತದ್ದು ಎಂದು ಪ್ರಕಟಿಸಿದರು. ಮಾವ ನನಗೆ ಫೋನು ಮಾಡಿ, "ಮಂಜೂರಾಯ್ತು ಕಣೇ!" ಎಂದು ಕೂಗಿದ್ದು ಪಕ್ಕದ ಸ್ಟಾಫ್ ರೂಮಿಗೂ ಕೇಳಿಸಿತು. ಯಾವುದೋ ಜಮೀನು ಮಂಜೂರಾಗಿದೆಯೆಂದು ತಿಳಿದು ಸಹೋದ್ಯೋಗಿಗಳು ನನ್ನಿಂದ ಮೈಸೂರ್‌ಪಾಕ್ ಕೊಡಿಸಿಕೊಂಡರು.

ಆಮೇಲೆ ಶುರುವಾಯಿತು ಕಾಯುವುದು. ಬೇಸಿಗೆಗೆ ಬರುತ್ತದೆ ಎಂದರು, ಬರಲಿಲ್ಲ. ದಸರೆಗೆ ಎಂದರು, ಬರಲಿಲ್ಲ. ಅಷ್ಟರಲ್ಲಿ ನವೆಂಬರ್ ಬಂತು. ನವೆಂಬರ್ ಬಂತೆಂದರೆ ಪೆನ್ಷನ್ ತೆಗೆದುಕೊಳ್ಳುವವರೆಲ್ಲ ತಾವು ಬದುಕಿದ್ದೇವೆಂದು ರುಜುವಾತು ಕೊಡಬೇಕು. ಡಿಜಿಟಲ್ ಲೈಫ್ ಸರ್ಟಿಫಿಕೇಟ್ ಎನ್ನುವ ಆ ರುಜುವಾತಿಗೂ ಚಿಕ್ಕದಾಗಿ ಡಿಎಲ್‌ಸಿ ಎಂದೇ ಹೆಸರು! ಪಾರ್ಕಿನ ಬೆಂಚಿನ ಮೇಲೆ ನಿವೃತ್ತ ಹೆಡ್‌ಮಾಸ್ಟರೊಬ್ಬರು ಮಾವನನ್ನು ಕೇಳಿದರು:

"ಏನ್ರೀ ಶಿರಸ್ತೇದಾರ್ರೇ, ಡಿಎಲ್‌ಸಿ ಆಯ್ತಾ?"

"ಎಲ್ಲಾಯ್ತು? ಮುಂದಕ್ಕೆ ಹಾಕ್ಬುಟ್ರು. ಬರೋ ವರ್ಷ ಅಂತೆ."

"ಬರೋ ವರ್ಷಾನಾ! ಅಲ್ಲೀವರ್ಗೂ ಏನ್ರೀ ಗತಿ?"

"ಅಲ್ಲೀವರ್ಗೂ ಹಳೇದ್ರಲ್ಲೇ ಸಾಯೋದು."

"ಮುಂದಕ್ಕೆ ಹಾಕಿದ್ದು ಯಾರು? ಖಜಾನೆಯೋರಾ?"

"ಖಜಾನೆ ಎಲ್ಲಿ ಬಂತು ಮಾರಾಯ್ರೇ, ಫಾರಿನ್ನೋರು. ಇನ್ನೂ ತಯಾರೇ ಆಗಿಲ್ವಂತೆ. ತಪ್ಪು ಬಹಳ ಇದೆಯಂತೆ ಒಳಗೆ."

ಹೆಡ್‌ಮಾಸ್ಟರು ವಾಕಿಂಗ್ ಕೋಲನ್ನೂ ಮರೆತು ಎದ್ದುಹೋದರು. ಸಂಜೆಯ ಹೊತ್ತಿಗೆ, ಇನ್ನು ಮೇಲೆ ನಾವು ಬದುಕಿದ್ದೇವೋ ಇಲ್ಲವೋ ಎನ್ನುವುದನ್ನು ಫಾರಿನ್ನಿನವರು ತೀರ್ಮಾನಿಸುತ್ತಾರಂತೆ ಎಂಬ ಸುದ್ದಿ ಒಂಟಿಕೊಪ್ಪಲಿನ ವೃದ್ಧರಲ್ಲೆಲ್ಲ ಹಬ್ಬಿತ್ತು. ವಿಚಾರಿಸಲು ಮನೆಗೇ ಬಂದವರಿಗೆ ಅತ್ತೆ ಕಾಫಿ ಕೊಟ್ಟು, "ನಮ್ಮೆಜಮಾನ್ರು ಬದುಕಿದಾರೆ ಅಂತ ಬೇಕಾದ್ರೆ ನಾನೇ ಬರ್ಕೊಡ್ತೀನಿ. ಬದುಕಿರೋದು ಈ ಮನೇಲಲ್ಲ, ಆ ಪೆಟ್ಟಿಗೇಲಿ," ಎಂದರು. ಎಲ್ಲರೂ ನಕ್ಕರು, ಮಾವನೂ ನಕ್ಕರು. ಆ ಮನೆಯಲ್ಲಿ ನಾನು ಕೇಳಿದ ದೊಡ್ಡ ನಗು ಅದೇ ಕೊನೆ.

ಮುಂದಿನ ಮಳೆಗಾಲದಲ್ಲಿ ಮಾವ ಇನ್ನೊಂದು ಮನವಿ ಸಲ್ಲಿಸಿದರು. ಈ ಆಟದಲ್ಲಿ ನೀವು ಇನ್ನೂ ಕಾಣದ ಸೀಮೆಯ ಮೇಲೆ ಕಪ್ಪು ಮಂಜು ಮುಸುಕಿರುತ್ತದೆ. ನಿಮ್ಮವರು ಆ ಕಡೆ ನಡೆದು ಹೋದಂತೆ ಮಂಜು ಸರಿದು ಊರು ನದಿ ಕಾಣುತ್ತವೆ. ಮಾವನ ದೂರು ಏನೆಂದರೆ, ಕಂಪನಿಯವರು ಈಚೆಗೆ ಮಂಜನ್ನು ಹೆಚ್ಚಿಸಿದ್ದಾರೆ, ತಮ್ಮ ಸ್ವಂತ ರಾಜ್ಯದ ಮೇಲೂ ಹರಡಿದ್ದಾರೆ. 'ವಿಷಯ: ಮಂಜನ್ನು ಮೊದಲಿನ ಪ್ರಮಾಣಕ್ಕೆ ಇಳಿಸುವ ಬಗ್ಗೆ.' ಜಗತ್ತಿನ ಬೇರೆ ಬೇರೆ ಮೂಲೆಗಳಿಂದ ಆಟಗಾರರು ಉತ್ತರ ಕೊಟ್ಟರು: ನಮ್ಮಲ್ಲಿ ಹಾಗೇನೂ ಆಗಿಲ್ಲವಲ್ಲ ಸಾರ್. ಮಾವ ಜ್ಞಾಪನ ಪತ್ರ ಕಳಿಸಿದರು. ಆಮೇಲೆ ಎರಡನೆಯ ಜ್ಞಾಪನ.

ಭಾನುವಾರ ಹೋದಾಗ ನಾನು ಕೇಳಿದೆ, "ಎಲ್ಲಿ ಮಾವ ಮಂಜು?"

"ಕಾಣಲ್ವೇನೇ? ಎಡಗಡೆ ಪೂರ್ತಿ ಮುಚ್ಬುಟ್ಟಿದಾರಲ್ಲ!"

ಪರದೆಯ ಎಡಗಡೆ ಸಮುದ್ರವಿತ್ತು. ಬಂದರಿನಲ್ಲಿ ಹಡಗುಗಳಿದ್ದವು. ಅವರೇ ಹೂಳೆತ್ತಿಸಿದ ಕೆರೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ನಾನು ಎದ್ದು ಅಡುಗೆಮನೆಗೆ ಹೋದೆ. ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಮಾವನಿಗೆ ಕಣ್ಣು ಸರಿಯಾಗಿ ಕಾಣುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಅವರ ಕೈ ನಿಂತಿತು.

"ಇಲವಾಲದ ಮದುವೇಲಿ ನೋಡ್ಲಿಲ್ವೇನೇ? ಕೋಸಂಬ್ರಿನೇ ಬಡಿಸ್ಲಿಲ್ಲ ಅಂತ ಪಂಕ್ತಿಲಿ ಕೂಗಾಡಿದ್ರಲ್ಲ! ಎಲೆಯ ಎಡಗಡೆ ಹಾಕಿದ್ದೆಲ್ಲ ಹಾಗೇ ಇತ್ತು. ಕೋಸಂಬ್ರಿ, ಉಪ್ಪಿನಕಾಯಿ, ಚಟ್ನಿ, ಎಲ್ಲ. ನಾನು ಹಟಕ್ಕೆ ಬಿಟ್ರು ಅಂದ್ಕೊಂಡೆ ಕಣೇ."

ನಾವೆಲ್ಲ ಆ ಮದುವೆಯ ಜಗಳವನ್ನು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕಿದ್ದೆವು.

ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಸದ್ದಿಲ್ಲದೆ ಅಂಚಿನಿಂದ ಒಳಕ್ಕೆ ಬರುವ ಕಾಯಿಲೆಯಂತೆ. ಒಂದು ಕಣ್ಣು ಯಾವಾಗಲೋ ಹೋಗಿತ್ತು, ಇನ್ನೊಂದರಲ್ಲಿ ನಡುವೆ ಸ್ವಲ್ಪ ಉಳಿದಿತ್ತು. ಹೋದದ್ದು ಬರುವುದಿಲ್ಲ, ಇರುವುದನ್ನು ಕಾಯಲು ನೋಡೋಣ ಎಂದರು. ಮಾವ ಕೈಕಟ್ಟಿ ಕೇಳಿಸಿಕೊಂಡು, "ಹಾಗಾದ್ರೆ ಕಂಪನಿಯೋರ ತಪ್ಪಲ್ಲ," ಎಂದರು. ಮನೆಗೆ ಬಂದವರೇ ನನ್ನ ಕೈಯಲ್ಲಿ, 'ಈ ಹಿಂದೆ ಸಲ್ಲಿಸಿದ ಮನವಿ ಮತ್ತು ಎರಡು ಜ್ಞಾಪನಗಳನ್ನು ಹಿಂಪಡೆಯಲಾಗಿದೆ; ದೋಷ ಅರ್ಜಿದಾರನ ಕಡೆಯದು' ಎಂದು ಬರೆಸಿದರು. ಬರೆಯುವಾಗ ನನಗೆ ಅಕ್ಷರ ಕಾಣಲಿಲ್ಲ.

ಹನಿ ಹಾಕಿದರು, ಆಪರೇಷನ್ ಮಾಡಿದರು. ಡಾಕ್ಟರು ಕಾಯಲು ನೋಡಿದ್ದು ದಸರೆಯ ಹೊತ್ತಿಗೆ ಕೈತಪ್ಪಿತು. ಈಗ ಮಾವನಿಗೆ ಬೆಳಕಾಗಿದೆಯೋ ಕತ್ತಲಾಗಿದೆಯೋ ಎನ್ನುವುದಷ್ಟೇ ತಿಳಿಯುತ್ತದೆ.

ಆಗಲೇ ಅವರು ಏಳುವುದನ್ನು ಬಿಟ್ಟದ್ದು. ಬೆಳಿಗ್ಗೆ ಅತ್ತೆ ಕೈಹಿಡಿದು ತಂದು ಕುರ್ಚಿಯಲ್ಲಿ ಕೂರಿಸಬೇಕು, ಬಚ್ಚಲಿಗೂ ಅತ್ತೆಯೇ ಕರೆದೊಯ್ಯಬೇಕು, ಸಂಜೆ ಅತ್ತೆಯೇ ಎಬ್ಬಿಸಿ ಮಲಗಿಸಬೇಕು. ನಡುವೆ ಅವರು ಸುಮ್ಮನೆ ಕೂತಿರುತ್ತಿದ್ದರು. ಡಾಕ್ಟರು ಹೇಳಿದರೆಂದು ನಾನು ತಂದುಕೊಟ್ಟ ಬಿಳಿ ಕೋಲನ್ನು ಬಾಗಿಲ ಹಿಂದೆ ಇಡಲು ಹೇಳಿದರು. ಸ್ವಂತ ಮನೆಯಲ್ಲಿ ಹೇಗೆ ಓಡಾಡಬೇಕೆಂದು ಕಲಿಸಲು ಒಬ್ಬರು ಬಂದಿದ್ದರು. ಅವರಿಗೆ ಕಾಫಿ ಕೊಟ್ಟು ಕಳಿಸಿಬಿಟ್ಟರು. ನಾನು ರೇಗಿದೆ. ರೇಗುವುದೊಂದೇ ನನಗೆ ಬರುವ ವಿದ್ಯೆ.

"ಎಷ್ಟು ದಿನ ಅಂತ ಹೀಗೆ ಕೂತಿರ್ತೀರಾ ಮಾವ? ಅತ್ತೆ ಸೊಂಟ ಬಿದ್ದೋಗತ್ತೆ!"

"ಮುಗೀತಲ್ಲಮ್ಮ. ಓಕೆ ಒತ್ತಾಯ್ತು," ಎಂದರು.

ಆ ನವೆಂಬರಿನಲ್ಲಿ ಬದುಕಿರುವ ರುಜುವಾತನ್ನು ನನ್ನ ಫೋನಿನಲ್ಲೇ ಮಾಡಿಸಿದೆ. ಮುಖಕ್ಕೆ ಫೋನು ಹಿಡಿದರೆ ಅದು ಕಣ್ಣು ಮಿಟುಕಿಸಿ ಎನ್ನುತ್ತದೆ. ಮಾವ ಮಿಟುಕಿಸಿದರು. ಫೋನು ಹಸಿರು ಗುರುತು ಹಾಕಿ, ಈ ವ್ಯಕ್ತಿ ಬದುಕಿದ್ದಾರೆ ಎಂದು ಒಪ್ಪಿಕೊಂಡಿತು.

"ಆಯ್ತಾ?"

"ಆಯ್ತು ಮಾವ."

"ನೋಡಕ್ಕೆ ಬರ್ದಿದ್ರೂ ಸಾಕ್ಷಿ ಹೇಳಕ್ಕೆ ಬರತ್ತೆ ಈ ಕಣ್ಣು," ಎಂದರು. ಅತ್ತೆ ಎದ್ದು ಒಳಗೆ ಹೋದರು.

ಇನ್ನೊಂದು ಡಿಎಲ್‌ಸಿ, ಆಟದ್ದು, ಸಂಕ್ರಾಂತಿ ಕಳೆದ ಮೇಲೆ ಬಂತು. ಬಂದೇಬಿಟ್ಟಿತು, ಯಾರಿಗೂ ಬೇಡವಾದ ಹೊತ್ತಿನಲ್ಲಿ! ನಾನು ಮಾವನಿಗೆ ಹೇಳದೆ ದುಡ್ಡು ಕಟ್ಟಿ ಇಳಿಸಿಕೊಂಡು, ಮೊದಲ ಸಲ ನಾನೊಬ್ಬಳೇ ಕೂತು ಆಡಿ ನೋಡಿದೆ. ಬೇಗ ಸೋಲುವುದು ನನಗೂ ಬರುತ್ತದೆ. ಕೋಟೆ ಉರಿಯುವುದು ಬಹಳ ಚೆನ್ನಾಗಿತ್ತು. ಹೊಗೆಗೆ ನಾಲ್ಕು ಬಣ್ಣ ಇಟ್ಟಿದ್ದರು. ಹಿನ್ನೆಲೆಯಲ್ಲಿ ಹೆಂಗಸೊಬ್ಬಳು ಎದೆ ಕರಗುವಂತೆ ರಾಗ ಎಳೆಯುತ್ತಿದ್ದಳು. ಕೊನೆಗೆ ಪರದೆ ಕಪ್ಪಾಗಿ, 'ನಿಮ್ಮ ರಾಜ್ಯ ಅಳಿಯಿತು' ಎಂದು ಬಂತು. ಕೆಳಗೆ ಅದೇ ಓಕೆ. ಈ ಸಲ ಅದಕ್ಕೆ ಬಂಗಾರದ ಅಂಚು ಹಾಕಿದ್ದರು! ಆ ಕಂಪನಿಯವರು ಎದುರಿಗಿದ್ದಿದ್ದರೆ ನಾನು ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮಾವನಿಗೆ ಹೇಳುವುದು ಬೇಡವೆಂದುಕೊಂಡಿದ್ದೆ. ಆದರೆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರೇ ಕೇಳಿದರು, "ಅದು ಬಂತಂತಲ್ಲೇ? ಪಾರ್ಕಿನ ಹೆಡ್‌ಮಾಸ್ಟ್ರ ಮೊಮ್ಮಗಳು ಹೇಳಿದ್ಲಂತೆ." ಬಂತು ಎಂದೆ. "ಹಾಕು. ನಾನು ಹೇಳ್ತೀನಿ, ನೀನು ಒತ್ತು."

ಹಾಕಿದೆ. ಅವರು ಕುರ್ಚಿಯಲ್ಲಿ ಕೂತು ಹೇಳಿದರು, ನಾನು ಒತ್ತಿದೆ. ಕಂದಾಯ ಮಾಫಿಯಾಯಿತು. ಕೆರೆ ಹೂಳೆತ್ತಿಸಿದ್ದಾಯಿತು. ಪರದೆಯ ಮೇಲೆ ಏನೇನಾಗುತ್ತಿದೆಯೆಂದು ನಾನು ಹೇಳುತ್ತ ಹೋದೆ. ಉತ್ತರದ ರಾಜ ಬಂದ. "ಬರ್ಲಿ ಬಿಡು," ಎಂದರು. ಕೋಟೆ ಒಡೆಯಿತು. ನಾಲ್ಕು ಬಣ್ಣದ ಹೊಗೆ ಎದ್ದಿತು, ಆ ಹೆಂಗಸು ರಾಗ ಎಳೆದಳು, ಪರದೆ ಕಪ್ಪಾಯಿತು.

ಮಾವ ಕುರ್ಚಿಯ ತುದಿಗೆ ಸರಿದು ಕೂತರು. "ಏನಂತೆ? ಓದು."

ತರಗತಿಯಲ್ಲಿ ಒಂದು ಸುಳ್ಳು ಲೆಕ್ಕವನ್ನೂ ಬಿಡದವಳು ನಾನು. ಬಂಗಾರದ ಅಂಚಿನ ಓಕೆಯನ್ನು ನೋಡುತ್ತ ಹೇಳಿದೆ, "ರಾಜನಿಗೆ ಒಂದು ಮನೆ ಕೊಟ್ಟಿದಾರೆ ಮಾವ. ಬೆಳಗಾಗಿದೆ. ಈಗ ರಾಜ ಏನ್ಮಾಡ್ತಾನೆ ಅಂತ ಕೇಳ್ತಿದೆ."

ಅವರು ನನ್ನ ಕಡೆಗೆ ಕಿವಿ ಓರೆ ಮಾಡಿದರು. "ಇಂಗ್ಲಿಷಲ್ಲಿ ಹೆಂಗೆ ಬರ್ದಿದಾರೆ? ಹಾಗೇ ಓದು."

ನಾನು ಓದುವವಳ ಹಾಗೆ ಒಂದೊಂದೇ ಪದ ಹೇಳಿದೆ. "ದಿ ಕಿಂಗ್ ಇಸ್ ಗಿವನ್ ಒನ್ ಹೌಸ್. ಇಟ್ ಇಸ್ ಮಾರ್ನಿಂಗ್. ವಾಟ್ ಕಿಂಗ್ ವಿಲ್ ಡೂ?"

"ಫಾರಿನ್ನೋರು ಹೀಗೆ ಬರ್ಯಲ್ಲ ಕಣೇ. ಇದು ರಾಮಕೃಷ್ಣನಗರದ ಇಂಗ್ಲಿಷು."

ಜೀವಮಾನವಿಡೀ ಸುಳ್ಳು ದಾಖಲೆಗಳನ್ನು ಹಿಡಿದವರ ಮುಂದೆ ನಾನು ಸಿಕ್ಕಿಬಿದ್ದಿದ್ದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದೂ ನಿಂತಿತ್ತು. ಅಳು ಬಂದುಬಿಡುತ್ತದೆಂದು ಹೆದರಿ ನಾನು ಹಲ್ಲು ಕಚ್ಚಿ ಕೂತೆ.

"ಮನೇಲಿ ಯಾರ್ಯಾರಿದಾರಂತೆ?" ಎಂದರು ಮಾವ.

"ರಾಣಿ ಇದಾರೆ ಮಾವ."

"ರಾಜನಿಗೆ ಆ ಮನೆ ಹೊಸದಲ್ವಾ?"

"ಹೌದು. ಹೊಸದು."

"ಹಾಗಾದ್ರೆ ಮೊದ್ಲು ಬಾಗ್ಲು ಎಲ್ಲಿದೆ ಅಂತ ನೋಡ್ಕೋಬೇಕು ಅವನು." ಕುರ್ಚಿಯ ಎರಡು ಕೈಗಳನ್ನೂ ಅವರು ಗಟ್ಟಿಯಾಗಿ ಹಿಡಿದರು. "ರಾಜ ಎದ್ದ ಅಂತ ಹಾಕು."

ಎಲ್ಲಿ ಹಾಕಲಿ? ಪರದೆಯ ಮೇಲೆ ಓಕೆ ಬಿಟ್ಟರೆ ಇನ್ನೇನೂ ಇರಲಿಲ್ಲ. "ಹಾಕ್ದೆ ಮಾವ," ಎಂದೆ.

ಮಾವ ಎದ್ದರು. ಯಾರೂ ಕೈ ಕೊಡದೆ ಎದ್ದರು. ಎಡಗೈಯನ್ನು ಚಾಚಿ ಗೋಡೆಯನ್ನು ಹುಡುಕಿ, ಸಿಕ್ಕಿದ ಮೇಲೆ ಅಂಗೈ ಪೂರ್ತಿ ಅದಕ್ಕೆ ಒತ್ತಿಕೊಂಡು ನಿಂತರು. ನಾನು ಹಿಡಿಯಲು ಏಳಲಿಲ್ಲ. ಹೇಗೆ ಕೂತಿದ್ದೆನೋ ನನಗೆ ಗೊತ್ತಿಲ್ಲ. ಅವರು ಗೋಡೆ ಸವರಿಕೊಂಡು ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಮುಂದೆ ಗೋಡೆಯ ಪಕ್ಕದಲ್ಲೇ ಒಂದು ಸ್ಟೂಲಿತ್ತು. ಅತ್ತೆ ಒದ್ದೆ ಕೈಯಲ್ಲೇ ಓಡಿಬಂದು ಅದನ್ನು ಎತ್ತಿ ಆಚೆ ಇಟ್ಟರು.

ಮಾವ ನಿಂತರು. "ಏನದು ಸರಿಸಿದ್ದು?"

"ಸ್ಟೂಲು ರೀ. ಎಡವ್ತೀರಾ ಅಂತ."

"ಎಲ್ಲಿತ್ತೋ ಅಲ್ಲೇ ಇಡು. ಎಲ್ಲೆಲ್ಲಿ ಏನಿದೆ ಅಂತ ಗೊತ್ತಾಗ್ದೆ ನಾನು ಈ ಮನೇಲಿ ಹೆಂಗಿರ್ಲಿ?"

ಅತ್ತೆ ಸ್ಟೂಲನ್ನು ಮೊದಲಿದ್ದ ಜಾಗಕ್ಕೇ ತಂದಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ದಾರಿ ಬಿಟ್ಟು ನಿಂತರು. ಮಾವನ ಮೊಣಕಾಲು ಅದಕ್ಕೆ ತಗುಲಿತು. ಬಗ್ಗಿ ಅದರ ನಾಲ್ಕು ಮೂಲೆಯನ್ನೂ ನಿಧಾನವಾಗಿ ಮುಟ್ಟಿ ನೋಡಿದರು.

"ಹೂಂ, ಸ್ಟೂಲು," ಎಂದು ಹೇಳಿ, ಅದನ್ನು ಬಳಸಿಕೊಂಡು ಮುಂದಿನ ಹೆಜ್ಜೆ ಇಟ್ಟರು.